ಅಮೆರಿಕದ ಚಾರ್ಜರು, ಬಡವನಹಳ್ಳಿಯ ಕರೆಂಟು

ಮಧುಗಿರಿಯಿಂದ ಶಿರಾ ಕಡೆಗೆ ಹೋಗುವ ರಸ್ತೆಯಲ್ಲಿ ಬಡವನಹಳ್ಳಿ ಎಂಬ ಊರಿದೆ. ಹೆಸರನ್ನು ಕೇಳಿದವರು ಅಲ್ಲಿಯ ಜನರ ಸ್ಥಿತಿಗತಿಯ ವಿಷಯದಲ್ಲಿ ಅವಸರದ ತೀರ್ಮಾನಕ್ಕೆ ಬರಬಾರದು. ನನ್ನ ತಮ್ಮ ಅಲ್ಲಿ ಬೇಸಾಯ ಮಾಡಿಕೊಂಡಿದ್ದಾನೆ. ಕೊಳವೆಬಾವಿಯಿದೆ, ಒಂದಿಷ್ಟು ಅಡಕೆಯಿದೆ, ಮಳೆ ಬಂದ ವರ್ಷ ಕಡಲೆಕಾಯಿಯೂ ಇರುತ್ತದೆ. ಕಳೆದ ಬೇಸಿಗೆಯಲ್ಲಿ ಅವನ ಮಗಳು ಅಮೆರಿಕದಿಂದ ತವರಿಗೆ ಬಂದಾಗ, ಅಣ್ಣನ ಮಗನಿಗೆಂದು ಒಂದು ಆಟದ ಜೀಪನ್ನು ತಂದಿದ್ದಳು. ಐದು ವರ್ಷದ ಹುಡುಗ ಅದರಲ್ಲಿ ತಾನೇ ಕುಳಿತು ಓಡಿಸಬಹುದು. ಸೀಟಿನ ಕೆಳಗೆ ಹನ್ನೆರಡು ವೋಲ್ಟಿನ ಬ್ಯಾಟರಿ. ಅದಕ್ಕೆ ವಿದ್ಯುತ್ ತುಂಬಲು ಕಪ್ಪನೆಯದೊಂದು ಚಾರ್ಜರು.

ಜೀಪು ಬಿಡಿ ಬಿಡಿಯಾಗಿ ಎರಡು ಪೆಟ್ಟಿಗೆಗಳಲ್ಲಿ ಬಂದಿತ್ತು. ಅದನ್ನು ಜೋಡಿಸುವುದರಲ್ಲಿ ಒಂದು ಬೆಳಗು ಕಳೆಯಿತು. ಚಾರ್ಜರಿನ ಕಡ್ಡಿಗಳು ಚಪ್ಪಟೆ, ನಮ್ಮ ಗೋಡೆಯ ತೂತುಗಳು ದುಂಡು. ಇದಕ್ಕೆಂದು ನಾನೇ ಬೆಂಗಳೂರಿನ ಅಂಗಡಿಯೊಂದರಿಂದ ಪುಟ್ಟ ಬಿಳಿಯ ಅಡಾಪ್ಟರನ್ನು ಕೊಂಡು ತಂದಿದ್ದೆ. 'ಫಾರಿನ್ ಸಾಮಾನಿಗೆ ಇದನ್ನೇ ಹಾಕೋದು' ಎಂದು ಅಂಗಡಿಯಾತ ಹೇಳಿದ್ದ. ಚಪ್ಪಟೆ ಕಡ್ಡಿ ಅದರೊಳಗೆ ಹೋಯಿತು, ಅದರ ದುಂಡು ಕಡ್ಡಿ ಗೋಡೆಯೊಳಗೆ ಹೋಯಿತು. ಸ್ವಿಚ್ಚು ಹಾಕುವ ಗೌರವವನ್ನು ಹುಡುಗನಿಗೆ ಬಿಟ್ಟುಕೊಟ್ಟೆವು. ಚಾರ್ಜರು ಕೆಲವು ಕ್ಷಣ ಗುಂಯ್ಗುಟ್ಟಿತು. ಆಮೇಲೆ ಕೋಣೆಯಲ್ಲಿ ಒಂದು ಬಗೆಯ ಸಿಹಿಗಮಟು ವಾಸನೆ ತುಂಬಿತು. ನನಗೆ ಅದೇನೆಂದು ಹೊಳೆಯಲಿಲ್ಲ. ಹೊಲದಿಂದ ಆಗತಾನೆ ಬಂದು ಕಾಲು ತೊಳೆಯುತ್ತಿದ್ದ ತಮ್ಮ ಅಲ್ಲಿಂದಲೇ ಕೂಗಿಕೊಂಡ: 'ಅಣ್ಣಯ್ಯ, ಸ್ವಿಚ್ ಆಫ್ ಮಾಡು, ವೈಂಡಿಂಗ್ ಸುಟ್ಟ ವಾಸ್ನೆ ಅದು!'

ಮೂವತ್ತು ವರ್ಷ ತರಗತಿಯಲ್ಲಿ ಪಾಠ ಹೇಳಿದ ನನಗೆ ತಿಳಿಯದ ವಾಸನೆ ಅವನಿಗೆ ಬಚ್ಚಲಿನಿಂದಲೇ ತಿಳಿಯಿತು. ಮೂರು ಸಲ ಪಂಪಿನ ಮೋಟಾರು ಸುಟ್ಟುಕೊಂಡವನು ಅವನು. ಹುಡುಗ ಮಾತ್ರ ತಾನು ಸ್ವಿಚ್ಚು ಹಾಕಿದ್ದರಿಂದಲೇ ಹೀಗಾಯಿತೆಂದು ಬಗೆದು ಕಣಜದ ಹಿಂದೆ ಹೋಗಿ ಕುಳಿತುಬಿಟ್ಟ. ಅವನನ್ನು ಅಲ್ಲಿಂದ ಎಬ್ಬಿಸಬೇಕಾದರೆ ತಪ್ಪು ಯಾರದೆಂದು ನಾನು ಹೇಳಬೇಕಾಗಿತ್ತು. ಹೇಳುವುದಕ್ಕೆ ನನಗೇ ತಿಳಿಯದು. ಹೀಗೆ ಆರಂಭವಾದ ವಿಚಾರಣೆ ನನ್ನನ್ನು ನೂರ ನಲವತ್ತು ವರ್ಷ ಹಿಂದಕ್ಕೆ ಕರೆದುಕೊಂಡು ಹೋಯಿತು.

ಚಾರ್ಜರಿನ ಬೆನ್ನಿನ ಮೇಲೆ ಸಣ್ಣ ಅಕ್ಷರಗಳಲ್ಲಿ ಎರಡು ಸಾಲುಗಳಿದ್ದವು. ಒಳಬರುವುದು 120 ವೋಲ್ಟ್, 60 ಹರ್ಟ್ಸ್. ಹೊರಹೋಗುವುದು 12 ವೋಲ್ಟ್, ಡೀಸಿ. ನಮ್ಮ ಗೋಡೆಯಲ್ಲಿರುವುದು 230 ವೋಲ್ಟ್, 50 ಹರ್ಟ್ಸ್. ಹರ್ಟ್ಸ್ ಎಂದರೆ ವಿದ್ಯುತ್ತು ಒಂದು ಸೆಕೆಂಡಿನಲ್ಲಿ ಎಷ್ಟು ಸಲ ಹಿಂದೆ ಮುಂದೆ ತೂಗಾಡುತ್ತದೆ ಎಂಬ ಲೆಕ್ಕ. 1960ರಲ್ಲಿ ಅಂತರರಾಷ್ಟ್ರೀಯ ಮಾನಕ ಸಮ್ಮೇಳನ ಈ ಹೆಸರನ್ನು ಒಪ್ಪುವ ಮೊದಲು, ಮತ್ತು ಒಪ್ಪಿದ ಮೇಲೂ ಬಹುಕಾಲ, ನಾವೆಲ್ಲ ಸೈಕಲ್ಸ್ ಎನ್ನುತ್ತಿದ್ದೆವು. ಬಾನುಲಿಯ ಹಳೆಯ ಕೇಳುಗರಿಗೆ ಕಿಲೊಸೈಕಲ್ಲುಗಳು ನೆನಪಿದ್ದಾವು. ವೈಂಡಿಂಗ್ ಅಂಗಡಿಗಳಲ್ಲಿ ಇಂದಿಗೂ ಸೈಕಲ್ಲೇ ನಡೆಯುವುದು; ನಾನೂ ಹಾಗೆಯೇ ಅನ್ನುತ್ತೇನೆ.

ಲೋಕವೆಲ್ಲ ಒಂದೇ ಸೂರ್ಯನನ್ನು ಹಂಚಿಕೊಂಡಿರುವಾಗ ಕರೆಂಟು ಮಾತ್ರ ದೇಶಕ್ಕೊಂದು ಬಗೆ ಏಕಾಯಿತು? 1882ರ ಸೆಪ್ಟೆಂಬರ್ 4ರಂದು ಎಡಿಸನ್ ನ್ಯೂಯಾರ್ಕಿನ ಪರ್ಲ್ ಸ್ಟ್ರೀಟಿನಲ್ಲಿ ತನ್ನ ವಿದ್ಯುತ್ ಕೇಂದ್ರವನ್ನು ಪ್ರಾರಂಭಿಸಿದ. ಅವನು ಹರಿಸಿದ್ದು ಒಂದೇ ದಿಕ್ಕಿಗೆ ಹರಿಯುವ ನೇರ ಪ್ರವಾಹ, ಅಂದರೆ ಡೀಸಿ; ಅದರ ಒತ್ತಡ ಸುಮಾರು 110 ವೋಲ್ಟ್. ಅವನ ಇಂಗಾಲದ ತಂತಿಯ ದೀಪಗಳಿಗೆ ನೂರರ ಆಸುಪಾಸಿನ ಒತ್ತಡ ಹಿತವಾಗಿತ್ತು. ದಾರಿಯಲ್ಲಿ ಸೋರಿಹೋಗುವುದಕ್ಕೆಂದು ಹತ್ತನ್ನು ಸೇರಿಸಿದ ಎನ್ನುವುದುಂಟು. ಆಮೇಲೆ ವೆಸ್ಟಿಂಗ್‌ಹೌಸ್ ಕಂಪೆನಿ ಹಿಂದೆಮುಂದೆ ತೂಗಾಡುವ ಪರ್ಯಾಯ ಪ್ರವಾಹವನ್ನು, ನಾವು ಏಸಿ ಎನ್ನುವುದನ್ನು, ತಂದಿತು. ಎಡಿಸನ್ನನಿಗೂ ಅವರಿಗೂ ದೊಡ್ಡ ಜಗಳವೇ ನಡೆದು ಕೊನೆಗೆ ಏಸಿ ಗೆದ್ದಿತು. ಆದರೆ ಮನೆಮನೆಗಳಲ್ಲಿ ತೂಗುತ್ತಿದ್ದ ದೀಪಗಳು 110 ವೋಲ್ಟಿನವು. ಗೆದ್ದವನೂ ಸೋತವನ ಅಳತೆಯನ್ನೇ ಇಟ್ಟುಕೊಳ್ಳಬೇಕಾಯಿತು. ಅದೇ ಮೆಲ್ಲಮೆಲ್ಲನೆ ಏರಿ ಈಗ 120ರಲ್ಲಿ ನಿಂತಿದೆ.

ಯೂರೋಪು ಬೇರೆ ದಾರಿ ಹಿಡಿದದ್ದು ತಾಮ್ರದ ಉಳಿತಾಯಕ್ಕಾಗಿ. 1899ರಲ್ಲಿ ಬರ್ಲಿನ್ ನಗರದ ವಿದ್ಯುತ್ ಕಂಪೆನಿ ತನ್ನ ಗ್ರಾಹಕರನ್ನು 220 ವೋಲ್ಟಿಗೆ ಬದಲಾಯಿಸಲು ನಿರ್ಧರಿಸಿತು. ಒತ್ತಡವನ್ನು ಇಮ್ಮಡಿ ಮಾಡಿದರೆ ಅಷ್ಟೇ ಶಕ್ತಿಗೆ ಅರ್ಧದಷ್ಟು ಪ್ರವಾಹ ಸಾಕು. ತಂತಿಯಲ್ಲಿ ಶಾಖವಾಗಿ ಹೋಗುವ ನಷ್ಟ ನಾಲ್ಕನೆಯ ಒಂದಕ್ಕೆ ಇಳಿಯುತ್ತದೆ. ಗ್ರಾಹಕರ ಸಲಕರಣೆಗಳನ್ನು ಬದಲಿಸುವ ಖರ್ಚನ್ನು ಕಂಪೆನಿ ತಾನೇ ಹೊತ್ತರೂ, ತಂತಿಯಲ್ಲಿ ಉಳಿದ ತಾಮ್ರ ಆ ಖರ್ಚನ್ನು ತುಂಬಿಕೊಟ್ಟಿತು. ವ್ಯಾಪಾರಿ ಬುದ್ಧಿ ಒಮ್ಮೊಮ್ಮೆ ಹೀಗೆ ವಿಜ್ಞಾನಕ್ಕಿಂತ ಮುಂದೆ ಹೋಗುತ್ತದೆ. ಸೈಕಲ್ಲಿನ ವಿಷಯದಲ್ಲಿಯೂ ಇಂಥದೇ ಒಡಕು: ಅಮೆರಿಕದಲ್ಲಿ ವೆಸ್ಟಿಂಗ್‌ಹೌಸ್ 60 ಎಂದಿತು, ಜರ್ಮನಿಯ ಎ.ಇ.ಜಿ. ಕಂಪೆನಿ 50 ಎಂದಿತು. ಜಪಾನಿನವರದು ಎಲ್ಲಕ್ಕಿಂತ ಸೋಜಿಗದ ಕತೆ. ಟೋಕಿಯೋದವರು ಯಂತ್ರಗಳನ್ನು ಜರ್ಮನಿಯಿಂದ ತರಿಸಿದರು, ಒಸಾಕಾದವರು ಅಮೆರಿಕದಿಂದ ತರಿಸಿದರು. ಇಂದಿಗೂ ಆ ಪುಟ್ಟ ದೇಶದ ಪೂರ್ವಾರ್ಧ 50 ಸೈಕಲ್, ಪಶ್ಚಿಮಾರ್ಧ 60 ಸೈಕಲ್. 2011ರ ಭೂಕಂಪವಾದಾಗ ಪೂರ್ವದವರು ಕತ್ತಲಲ್ಲಿದ್ದರೂ ಪಶ್ಚಿಮದವರು ಬೇಕಾದಷ್ಟು ಕರೆಂಟು ಕಳಿಸಲಾರದೆ ಹೋದರು. ಎರಡರ ನಡುವೆ ಇದ್ದ ಪರಿವರ್ತಕಗಳ ಶಕ್ತಿ ಸಾಲಲಿಲ್ಲ.

ನಮ್ಮ ನಾಡಿಗೆ ಮೊದಲು ಬಂದ ಕರೆಂಟು ಯಾವ ಜಾತಿಯದು ಎಂದು ಹುಡುಕಿದಾಗ ನನಗೆ ಆಶ್ಚರ್ಯ ಕಾದಿತ್ತು. ದಿವಾನ್ ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ ಕಾವೇರಿಯ ಶಿವನಸಮುದ್ರದಲ್ಲಿ ಜಲವಿದ್ಯುತ್ ಕೇಂದ್ರವನ್ನು ಕಟ್ಟುವ ಯೋಜನೆಯಾಯಿತು. ಅದರ ಹಿಂದಿದ್ದ ಎಂಜಿನಿಯರು ಕೆನಡಾ ಮೂಲದ ಜೋಲಿ ಡಿ ಲಾಟ್ಬಿನಿಯರ್. ನೀರಿನ ಚಕ್ರಗಳು ಸ್ವಿಟ್ಸರ್ಲೆಂಡಿನ ಎಷರ್ ವೀಸ್ ಕಂಪೆನಿಯವು. ವಿದ್ಯುತ್ ಯಂತ್ರಗಳು ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪೆನಿಯವು. ಹಡಗಿನಲ್ಲಿ ಬಂದ ಯಂತ್ರಗಳನ್ನು ಕಾಡುದಾರಿಯಲ್ಲಿ ಸಾಗಿಸಲು ಆನೆಗಳೂ ಎತ್ತಿನ ಗಾಡಿಗಳೂ ದುಡಿದವು. 1902ರ ಜೂನ್ 30ರಂದು ಅಲ್ಲಿಂದ 92 ಮೈಲಿ ದೂರದ ಕೋಲಾರದ ಚಿನ್ನದ ಗಣಿಗಳಿಗೆ ವಿದ್ಯುತ್ತು ಹರಿಯಿತು. ಆ ಕಾಲಕ್ಕೆ ಜಗತ್ತಿನ ಅತಿ ಉದ್ದದ ಮಾರ್ಗಗಳಲ್ಲಿ ಅದೊಂದು. ಶೇಷಾದ್ರಿ ಅಯ್ಯರ್ ಅದನ್ನು ನೋಡಲು ಉಳಿದಿರಲಿಲ್ಲ. ಹಿಂದಿನ ವರ್ಷವೇ ತೀರಿಕೊಂಡಿದ್ದರು. ಬೆಂಗಳೂರಿನ ಬೀದಿಗಳಲ್ಲಿ ದೀಪ ಬೆಳಗಿದ್ದು 1905ರಲ್ಲಿ.

ಆ ವಿದ್ಯುತ್ತಿನ ಸೈಕಲ್ಲು 25. ಅಮೆರಿಕದ ನಯಾಗರಾದಲ್ಲಿ 1895ರಲ್ಲಿ ನಿಂತ ಯಂತ್ರಗಳದೂ ಅದೇ. ಗಣಿಯ ಭಾರಿ ಮೋಟಾರುಗಳಿಗೆ ಕಡಿಮೆ ಸೈಕಲ್ಲು ಒಗ್ಗುತ್ತಿತ್ತು. ದೀಪಗಳಿಗೆ ಅಷ್ಟು ಒಗ್ಗುತ್ತಿರಲಿಲ್ಲ. ಇಪ್ಪತ್ತೈದು ಸೈಕಲ್ಲಿನಲ್ಲಿ ಉರಿಯುವ ದೀಪ ಸೂಕ್ಷ್ಮವಾಗಿ ಮಿಣುಕುವುದು ಕಣ್ಣಿಗೆ ಕಾಣುತ್ತದೆ. ಅಂದರೆ ಮೈಸೂರು ಸಂಸ್ಥಾನದ ಮೊದಲ ಬೆಳಕು ಹುಟ್ಟಿದ್ದೇ ಪರದೇಶದ ತಾಳಕ್ಕೆ. ಮುಂದೆ 1948ರಲ್ಲಿ ಶರಾವತಿಯ ಜೋಗದಲ್ಲಿ ವಿದ್ಯುತ್ ಕೇಂದ್ರ ಕೆಲಸ ಆರಂಭಿಸಿದಾಗ ಅದರದು 50ರ ತಾಳ. ಇಪ್ಪತ್ತೈದರ ಯಂತ್ರವನ್ನು ಐವತ್ತರ ಜಾಲಕ್ಕೆ ನೇರವಾಗಿ ಸೇರಿಸಲು ಬಾರದು. ಆದಿತಾಳ ಹಾಕುವವನನ್ನೂ ಝಂಪೆ ಹಾಕುವವನನ್ನೂ ಒಂದೇ ಮೇಳದಲ್ಲಿ ಕೂಡಿಸಿದಂತಾದೀತು. ಕ್ರಮೇಣ ನಾಡೆಲ್ಲ ಐವತ್ತಕ್ಕೆ ಬಂದು ನಿಂತಿತು. 2013ರ ಡಿಸೆಂಬರ್ 31ರಂದು ರಾಯಚೂರು–ಸೊಲ್ಲಾಪುರದ ನಡುವಣ 765 ಕಿಲೊವೋಲ್ಟ್ ಮಾರ್ಗದ ಮೂಲಕ ದಕ್ಷಿಣದ ಜಾಲ ದೇಶದ ಉಳಿದ ಜಾಲಕ್ಕೆ ಕೂಡಿಕೊಂಡ ಮೇಲೆ, ಬಡವನಹಳ್ಳಿಯ ದೀಪವೂ ಶ್ರೀನಗರದ ದೀಪವೂ ಒಂದೇ ತಾಳಕ್ಕೆ ಮಿಡಿಯುತ್ತಿವೆ.

ಗೋಡೆಯ ದುಂಡು ತೂತುಗಳಿಗೂ ಒಂದು ಚರಿತ್ರೆಯುಂಟು. ಅವು 1934ರ ಒಂದು ಬ್ರಿಟಿಷ್ ಮಾನಕದ ಕೊಡುಗೆ. ಬ್ರಿಟಿಷರು ತಮ್ಮ ಮನೆಗಳಿಗೆ ಚೌಕ ಕಡ್ಡಿಯ ಹೊಸ ಪ್ಲಗ್ಗನ್ನು ಗೊತ್ತುಮಾಡಿಕೊಂಡದ್ದು 1947ರಲ್ಲಿ. ಅದೇ ವರ್ಷ ನಮ್ಮನ್ನು ಬಿಟ್ಟುಹೋದರು. ತಮ್ಮ ಹಳೆಯ ದುಂಡು ಪ್ಲಗ್ಗನ್ನು ನಮಗೇ ಬಿಟ್ಟುಹೋದರು. ಹಳೆಯದಾದರೂ ಅದು ಕೆಟ್ಟದ್ದೇನಲ್ಲ. ಮೂರನೆಯ ದಪ್ಪ ಕಡ್ಡಿ ನೆಲದ ಸಂಪರ್ಕ. ಅದು ಉಳಿದೆರಡಕ್ಕಿಂತ ಉದ್ದವಾಗಿರುವುದರಿಂದ ಮೊದಲು ಒಳಹೊಕ್ಕು ಕೊನೆಗೆ ಹೊರಬರುತ್ತದೆ. ಅಂಗಡಿಯಾತ ನನಗೆ ಕೊಟ್ಟ ಅಡಾಪ್ಟರಿನಲ್ಲಿ ಆ ಮೂರನೆಯ ಕಡ್ಡಿಯೇ ಇರಲಿಲ್ಲ.

ಮಧುಗಿರಿಯಲ್ಲಿ ನನ್ನ ತಮ್ಮನ ಮೋಟಾರುಗಳನ್ನು ಸುತ್ತಿಕೊಡುವ ಒಬ್ಬ ವೈಂಡರ್ ಇದ್ದಾನೆ. ನಮ್ಮ ಸೀಮೆಯ ಪ್ರತಿಯೊಂದು ಪೇಟೆಯಲ್ಲೂ ಇಂಥ ಅಂಗಡಿಗಳಿವೆ: ಬಾಗಿಲಲ್ಲಿ ಸಾಲಾಗಿ ಮಲಗಿರುವ ಸಬ್‌ಮರ್ಸಿಬಲ್ ಮೋಟಾರುಗಳು, ಒಳಗೆ ತಾಮ್ರದ ತಂತಿಯ ಉರುಳೆಗಳು, ವಾರ್ನಿಷಿನ ವಾಸನೆ. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಎಲ್ಲವೂ ಕೊಳವೆಬಾವಿಯನ್ನು ನಂಬಿದ ಒಣಸೀಮೆ. ಬರ ಬಂದಷ್ಟೂ ಬಾವಿ ಆಳಕ್ಕಿಳಿಯುತ್ತದೆ. ಬಾವಿ ಇಳಿದಷ್ಟೂ ಮೋಟಾರಿನ ಮೇಲೆ ಭಾರ ಏರುತ್ತದೆ. ಆದ್ದರಿಂದ ಈ ಅಂಗಡಿಗಳಿಗೆ ಕೆಲಸ ತಪ್ಪುವುದಿಲ್ಲ. ನಾವು ಸುಟ್ಟ ಚಾರ್ಜರನ್ನೂ ಹುಡುಗನನ್ನೂ ಕರೆದುಕೊಂಡು ಅಲ್ಲಿಗೆ ಹೋದೆವು.

ಆತ ಚಾರ್ಜರನ್ನು ಕೈಯಲ್ಲಿ ತೂಗಿ ನೋಡಿದ. 'ಭಾರ ಐತೆ ಮೇಷ್ಟ್ರೇ, ಇದು ಹಳೇ ಕಾಲದ್ದು, ಒಳಗಡೆ ಕಬ್ಬಿಣದ ಕೋರ್ ಐತೆ' ಎಂದ. ಬಿಚ್ಚಿ ನೋಡಿದರೆ ಅವನ ಮಾತು ನಿಜ. ತೆಳು ಕಬ್ಬಿಣದ ತಗಡುಗಳ ಒಂದು ಕಟ್ಟು, ಅದರ ಸುತ್ತ ಎರಡು ಸುರುಳಿಗಳು; ಒಂದು ಸುರುಳಿ ಇದ್ದಿಲಾಗಿತ್ತು. ಅದು ಟ್ರಾನ್ಸ್‌ಫಾರ್ಮರ್, ನಮ್ಮ ಪಾರಿಭಾಷಿಕರು ಪರಿವರ್ತಕ ಎನ್ನುತ್ತಾರೆ. ಇದರಲ್ಲಿ ಕಬ್ಬಿಣ ಹೊರಬೇಕಾದ ಕಾಂತದ ಹೊರೆ ವೋಲ್ಟನ್ನು ಸೈಕಲ್ಲಿನಿಂದ ಭಾಗಿಸಿದ ಲೆಕ್ಕಕ್ಕೆ ತಕ್ಕಂತಿರುತ್ತದೆ. ಅಮೆರಿಕದಲ್ಲಿ 120ನ್ನು 60ರಿಂದ ಭಾಗಿಸಿದರೆ ಎರಡು. ಬಡವನಹಳ್ಳಿಯಲ್ಲಿ 230ನ್ನು 50ರಿಂದ ಭಾಗಿಸಿದರೆ ನಾಲ್ಕು ದಶಮಾಂಶ ಆರು. ಎರಡು ಮೂಟೆ ಹೊರುವವನ ಬೆನ್ನಿನ ಮೇಲೆ ನಾಲ್ಕೂವರೆಗೂ ಮಿಕ್ಕಿ ಮೂಟೆ ಹೇರಿದಂತಾಯಿತು. ಕಬ್ಬಿಣಕ್ಕೆ ಹೊರಲು ಆಗದ ಸ್ಥಿತಿ ಬಂದೊಡನೆ ಸುರುಳಿಯಲ್ಲಿ ಪ್ರವಾಹ ಎಲ್ಲೆ ಮೀರುತ್ತದೆ, ತಂತಿಯ ಮೇಲಿನ ಎನಾಮಲ್ ಲೇಪ ಬೇಯುತ್ತದೆ. ನಾನು ಮೂಸಿದ ಸಿಹಿಗಮಟು ಅದರದು. ನಾನು ಕೊಂಡ ಅಡಾಪ್ಟರು ಬದಲಿಸಿದ್ದು ಕಡ್ಡಿಯ ಆಕಾರವನ್ನು ಮಾತ್ರ. ಒಳಗಿನ ಒತ್ತಡ ಹಾಗೆಯೇ ಇತ್ತು. ವೇಷ ಬದಲಾದ ಮಾತ್ರಕ್ಕೆ ಭಾಷೆ ಬದಲಾದೀತೆ?

ತಪ್ಪು ಸ್ವಿಚ್ಚು ಹಾಕಿದವನದಲ್ಲ, ತಾತನದು ಎಂದು ಅಲ್ಲಿಯೇ ಹುಡುಗನಿಗೆ ಹೇಳಿದೆ. ಅವನು ವೈಂಡರ್ ಕಡೆಗೆ ನೋಡಿ ಖಾತ್ರಿ ಮಾಡಿಕೊಂಡ. ಆತ ಗಂಭೀರವಾಗಿ ತಲೆಯಾಡಿಸಿದ ಮೇಲೆಯೇ ನಂಬಿದ್ದು.

ಇನ್ನು ಪರಿಹಾರದ ಮಾತು. ನನಗೆ ತೋಚಿದ್ದು, ಬೆಂಗಳೂರಿನ ಸದರ್ ಪತ್ರಪ್ಪ ರಸ್ತೆಯಲ್ಲಿ ಸಿಗುವಂಥ ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ಒಂದನ್ನು ತರುವುದು, ಅಮೆರಿಕದಿಂದ ಇನ್ನೊಂದು ಚಾರ್ಜರನ್ನು ತರಿಸುವುದು. ಅದು 230ನ್ನು 110ಕ್ಕೆ ಇಳಿಸುತ್ತದೆ. ಆದರೆ ಸೈಕಲ್ಲನ್ನು ಮುಟ್ಟುವುದಿಲ್ಲ. ಐವತ್ತು ಐವತ್ತಾಗಿಯೇ ಉಳಿಯುತ್ತದೆ. ನೂರಹತ್ತನ್ನು ಐವತ್ತರಿಂದ ಭಾಗಿಸಿದರೆ ಎರಡು ದಶಮಾಂಶ ಎರಡು. ಹತ್ತರಲ್ಲೊಂದು ಪಾಲು ಹೊರೆ ಹೆಚ್ಚು. ಚಾರ್ಜರು ಬೆಚ್ಚಗಾದೀತು, ಸಾಮಾನ್ಯವಾಗಿ ತಾಳಿಕೊಂಡೀತು. ಕಾಗದದ ಮೇಲೆ ಇದು ಸರಿಯಾದ ಉತ್ತರವೇ. ವೈಂಡರ್ ನಕ್ಕ. ನಕ್ಕು ನನ್ನನ್ನು ಬಿಟ್ಟು ನನ್ನ ತಮ್ಮನನ್ನು ಕೇಳಿದ: 'ಗೌಡ್ರೇ, ನಿಮ್ಮೂರಾಗೆ ಸಂಜೆ ಹೊತ್ತು ಎಷ್ಟು ವೋಲ್ಟೇಜ್ ಬರ್ತದೆ?'

'ನೂರೆಪ್ಪತ್ತು ಬಂದ್ರೆ ಪುಣ್ಯ' ಎಂದ ತಮ್ಮ.

ಇಲ್ಲಿ ನನ್ನ ಪಾಂಡಿತ್ಯದ ಕಾಲು ಮುರಿಯಿತು. ಪುಸ್ತಕದಲ್ಲಿರುವ ಸ್ಥಳೀಯ ವೋಲ್ಟೇಜು 230. ತಮ್ಮನ ಮನೆಯಿರುವುದು ತಂತಿಯ ಕೊನೆಯ ಕಂಬದಲ್ಲಿ. ಟ್ರಾನ್ಸ್‌ಫಾರ್ಮರಿನಿಂದ ಹೊರಟ ಒತ್ತಡ ದಾರಿಯಲ್ಲಿ ಸಿಕ್ಕಿದ ಮನೆ, ಗಿರಣಿ, ಪಂಪುಗಳಿಗೆಲ್ಲ ಪಾಲು ಕೊಡುತ್ತ ಬಂದು ಅವನ ಗೋಡೆಯನ್ನು ಮುಟ್ಟುವಾಗ ಬಡವಾಗಿರುತ್ತದೆ. ಊರಿನ ಹೆಸರಿಗೆ ಅಷ್ಟರಮಟ್ಟಿಗೆ ಅರ್ಥವುಂಟೆನ್ನಬೇಕು. ಹಿಂದೆ ಹಳದಿ ಬಲ್ಬುಗಳ ಕಾಲದಲ್ಲಿ ವೋಲ್ಟೇಜನ್ನು ಅಳೆಯಲು ಮೀಟರು ಬೇಕಿರಲಿಲ್ಲ. ಬಲ್ಬಿನ ಒಳಗಿನ ತಂತಿ ಕೆಂಡದಂತೆ ಕೆಂಪಗೆ ಕಂಡರೆ ಓದು ನಿಲ್ಲಿಸಿ ಊಟಕ್ಕೆ ಏಳುವುದು ವಾಡಿಕೆ. ಈಗಿನ ಎಲ್‌ಇಡಿ ದೀಪಗಳು ಕಡಿಮೆ ಒತ್ತಡದಲ್ಲೂ ಬೆಳ್ಳಗೆ ಉರಿದು ಆ ಸತ್ಯವನ್ನು ಮುಚ್ಚಿಡುತ್ತವೆ. ಮೋಟಾರಿಗೆ ಮುಚ್ಚಿಡಲು ಬರುವುದಿಲ್ಲ. ಒತ್ತಡ ಇಳಿದಾಗ ಅಷ್ಟೇ ನೀರನ್ನೆತ್ತಲು ಅದು ಹೆಚ್ಚು ಪ್ರವಾಹವನ್ನು ಎಳೆಯುತ್ತದೆ, ಕಾಯುತ್ತದೆ, ಸುಡುತ್ತದೆ. ವಿದೇಶದ ಚಾರ್ಜರು ಹೆಚ್ಚು ವೋಲ್ಟಿಗೆ ಸತ್ತಿತು. ನನ್ನ ತಮ್ಮನ ಮೂರು ಮೋಟಾರುಗಳು ಕಡಿಮೆ ವೋಲ್ಟಿಗೆ ಸತ್ತವು. ವಾಸನೆ ಮಾತ್ರ ಎರಡರದೂ ಒಂದೇ.

ನನ್ನ ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರಿಗೆ 170 ಕೊಟ್ಟರೆ ಹೊರಬರುವುದು ಸುಮಾರು 81. ಅಮೆರಿಕದ ಚಾರ್ಜರಿಗೆ ಬೇಕಾದ 120ರಲ್ಲಿ ಅದು ಮೂರನೆಯ ಎರಡು ಪಾಲು. ಹನ್ನೆರಡು ವೋಲ್ಟಿನ ಸೀಸದ ಬ್ಯಾಟರಿ ತುಂಬಬೇಕಾದರೆ ಅದರ ಬಾಯಿಗೆ ಸುಮಾರು ಹದಿನಾಲ್ಕು ವೋಲ್ಟಿನ ಒತ್ತಡ ಬೇಕು. ಇದರ ಮೂರನೆಯ ಎರಡು ಪಾಲು ಒಂಬತ್ತು ಚಿಲ್ಲರೆ. ಕೆಳಗಿನ ಕೆರೆಯಿಂದ ಮೇಲಿನ ಕೆರೆಗೆ ನೀರು ತಾನಾಗಿ ಏರುವುದುಂಟೆ? ರಾತ್ರಿಯೆಲ್ಲ ಚಾರ್ಜಿಗೆ ಹಾಕಿದ್ದರೂ ಬೆಳಗಾಗುವಾಗ ಜೀಪು ಇದ್ದಲ್ಲಿಯೇ ಇರುತ್ತಿತ್ತು.

ವೈಂಡರ್ ಹೇಳಿದ ದಾರಿ ತೀರ ಸರಳವಾದದ್ದು. ಜೀಪಿಗೆ ಅಮೆರಿಕದ 120 ಗೊತ್ತಿಲ್ಲ, ನಮ್ಮ 230ಊ ಗೊತ್ತಿಲ್ಲ. ಅದು ಕಾಣುವುದು ಚಾರ್ಜರಿನ ಎರಡನೆಯ ಸಾಲನ್ನು ಮಾತ್ರ. ಆದ್ದರಿಂದ ಹಳೆಯ ಚಾರ್ಜರಿಗೆ ಊರನ್ನು ಒಗ್ಗಿಸುವ ಬದಲು, ಊರಿಗೆ ಒಗ್ಗುವ ಚಾರ್ಜರನ್ನೇ ತಂದು ಜೀಪಿಗೆ ಕೂಡಿಸಬೇಕು. ಈಗಿನ ಹಗುರವಾದ ಚಾರ್ಜರುಗಳ ಬೆನ್ನ ಮೇಲೆ 100ರಿಂದ 240 ವೋಲ್ಟ್, 50/60 ಹರ್ಟ್ಸ್ ಎಂದು ಬರೆದಿರುತ್ತದೆ. ಅವುಗಳಲ್ಲಿ ದೊಡ್ಡ ಕಬ್ಬಿಣವಿಲ್ಲ. ಬಂದ ಏಸಿಯನ್ನು ಮೊದಲೇ ಡೀಸಿಯಾಗಿ ಮಾಡಿಕೊಂಡು, ಅದನ್ನು ಸೆಕೆಂಡಿಗೆ ಹತ್ತಾರು ಸಾವಿರ ಸಲ ಕತ್ತರಿಸಿ, ಬೆರಳ ತುದಿಯಷ್ಟು ಟ್ರಾನ್ಸ್‌ಫಾರ್ಮರಿನಲ್ಲಿ ಹಾಯಿಸಿ, ಹೊರಬರುವ ಒತ್ತಡವನ್ನು ತಾವೇ ನೋಡಿಕೊಂಡು ತಿದ್ದಿಕೊಳ್ಳುತ್ತವೆ. ಕೊನೆಯ ಕಂಬದ 170 ಬಂದರೂ ಅವಕ್ಕೆ ಬೇಸರವಿಲ್ಲ. ನನ್ನ ಹರೆಯದಲ್ಲಿ ಟ್ರಾನ್ಸಿಸ್ಟರ್ ರೇಡಿಯೋಗಳಿಗೆ ಹಾಕುತ್ತಿದ್ದ, ಒಂದು ಇಟ್ಟಿಗೆಯಷ್ಟು ತೂಗುತ್ತ ಕ್ರಿಕೆಟ್ ವಿವರಣೆಯ ಹಿಂದೆ ಸದಾ ಗೊಣಗುತ್ತಿದ್ದ ಎಲಿಮಿನೇಟರುಗಳನ್ನು ಕಂಡವರಿಗೆ ಇದು ಎಷ್ಟು ದೂರದ ಪ್ರಯಾಣವೆಂದು ತಿಳಿದೀತು.

ಆದರೆ ಮನೆಯಲ್ಲಿದ್ದ ಯಾವುದೋ ಒಂದು ಚಾರ್ಜರನ್ನು ಚುಚ್ಚಿದರಾಗದು ಎಂದು ಆತ ಬೆರಳೆತ್ತಿ ಎಚ್ಚರಿಸಿದ. ಸೀಸದ ಬ್ಯಾಟರಿಗೆ ಸೀಸದ ಬ್ಯಾಟರಿಯ ಚಾರ್ಜರೇ ಆಗಬೇಕು. ಲಿಥಿಯಂ ಬ್ಯಾಟರಿಯ ರೀತಿಯೇ ಬೇರೆ. ಅದಕ್ಕೆ ಹೊಂದದ ಚಾರ್ಜರು ಹಾಕಿದರೆ ಬೆಂಕಿ ಹತ್ತಿಕೊಳ್ಳುವುದುಂಟು. ಪಿನ್ನಿನಲ್ಲಿ ಧನ ಯಾವುದು, ಋಣ ಯಾವುದು ಎಂದು ಮೀಟರು ಹಿಡಿದು ನೋಡಿಯೇ ಕೂಡಿಸಬೇಕು. ಪ್ರವಾಹ ಹಳೆಯ ಚಾರ್ಜರಿನಲ್ಲಿ ಬರೆದದ್ದಕ್ಕಿಂತ ಬಹಳ ಹೆಚ್ಚಿರಬಾರದು. ತುಂಬಿದ ಮೇಲೆ ತಾನೇ ಹಿಂದೆ ಸರಿಯುವಂಥದಾದರೆ ಒಳ್ಳೆಯದು. ಸುಟ್ಟ ಚಾರ್ಜರಿನ ವೈರನ್ನು ಪಿನ್ನಿನ ಸಮೇತ ಕತ್ತರಿಸಿ, ತನ್ನಲ್ಲಿದ್ದ ಹೊಸ ಚಾರ್ಜರಿಗೆ ಬೆಸುಗೆ ಹಾಕಿ, ಕೊಳವೆ ತೊಡಿಸಿ, ಮೀಟರಿನ ಮುಳ್ಳು ಸರಿಯಾದ ಕಡೆಗೆ ತಿರುಗುವುದನ್ನು ಹುಡುಗನಿಗೆ ತೋರಿಸಿ ಕೊಟ್ಟ. ಕೂಲಿಯೆಂದು ತೆಗೆದುಕೊಂಡದ್ದು ನಾನು ಅಡಾಪ್ಟರಿಗೆ ತೆತ್ತದ್ದಕ್ಕಿಂತ ಕಡಿಮೆ.

ಹಿಂದಿರುಗುವಾಗ ನನ್ನ ಮನಸ್ಸು ಪಾವಗಡದ ಕಡೆಗೆ ಹೋಯಿತು. ಅದೂ ಇದೇ ಒಣಸೀಮೆ, ನಮ್ಮ ಮಗ್ಗುಲ ತಾಲ್ಲೂಕು. ಅಲ್ಲಿಯ ತಿರುಮಣಿ ಮತ್ತು ಸುತ್ತಲಿನ ಹಳ್ಳಿಗಳಲ್ಲಿ ಸುಮಾರು 13,000 ಎಕರೆಯ ಮೇಲೆ ಸೌರಫಲಕಗಳು ಹಾಸಿಕೊಂಡಿವೆ. 2018ರ ಮಾರ್ಚ್‌ನಲ್ಲಿ ಉದ್ಘಾಟನೆಯಾಗಿ, 2019ರ ಕೊನೆಯ ಹೊತ್ತಿಗೆ 2,050 ಮೆಗಾವ್ಯಾಟಿನ ಪೂರ್ಣ ಸಾಮರ್ಥ್ಯಕ್ಕೆ ಬಂದ ವಿದ್ಯುತ್ ಕೇಂದ್ರ ಅದು. ನೆಲವನ್ನು ರೈತರಿಂದ ಕೊಂಡುಕೊಳ್ಳದೆ, ಎಕರೆಗೆ ವರ್ಷಕ್ಕೆ 21,000 ರೂಪಾಯಿಯಿಂದ ಆರಂಭಿಸಿ ಗುತ್ತಿಗೆಗೆ ಪಡೆದರು. ಮಳೆ ಕೊಡದ ಆಕಾಶ ಬಿಸಿಲಿಗೆ ಬಾಡಿಗೆ ಕೊಡಿಸಿತು. ಸ್ವಂತ ಭೂಮಿಯಿಲ್ಲದೆ ಪರರ ಹೊಲದಲ್ಲಿ ದುಡಿಯುತ್ತಿದ್ದವರಿಗೆ ಆ ಬಾಡಿಗೆಯಲ್ಲಿ ಪಾಲು ಬರಲಿಲ್ಲ ಎಂಬುದನ್ನೂ ಹೇಳಬೇಕು. ಕುರಿ ಮೇಯಿಸಲು ಬಯಲು ಇಲ್ಲವಾದವರೂ ಉಂಟು.

ಆ ಫಲಕಗಳಲ್ಲಿ ಹುಟ್ಟುವುದು ಎಡಿಸನ್ನನ ಡೀಸಿ. ಇನ್ವರ್ಟರುಗಳು ಅದನ್ನು ಏಸಿಯಾಗಿಸಿ 50ರ ತಾಳಕ್ಕೆ ಕೂರಿಸುತ್ತವೆ. ಒತ್ತಡವನ್ನು ಮೆಟ್ಟಿಲು ಮೆಟ್ಟಿಲಾಗಿ ಏರಿಸಿ 400 ಕಿಲೊವೋಲ್ಟಿನ ಜಾಲಕ್ಕೆ ಬಿಡುತ್ತಾರೆ. ಅಲ್ಲಿಂದ ಅದು ಮತ್ತೆ ಮೆಟ್ಟಿಲಿಳಿದು 11,000ಕ್ಕೆ ಬಂದು, ಊರಿನ ಟ್ರಾನ್ಸ್‌ಫಾರ್ಮರಿನಲ್ಲಿ 230 ಆಗಿ, ಕೊನೆಯ ಕಂಬದಲ್ಲಿ 170 ಆಗಿ, ಜೀಪಿನ ಚಾರ್ಜರಿನಲ್ಲಿ ಪುನಃ 12 ವೋಲ್ಟಿನ ಡೀಸಿಯಾಗುತ್ತದೆ. ನೆರೆಯ ತಾಲ್ಲೂಕಿನ ಬಿಸಿಲು ಇಷ್ಟು ಸುತ್ತಿ ಬರಬೇಕು. ಎರಡು ಸಾವಿರ ಮೆಗಾವ್ಯಾಟಿನ ಮಗ್ಗುಲಲ್ಲಿದ್ದೂ ಸಂಜೆಯ ವೋಲ್ಟೇಜು ಏಕೆ ಏರಲಿಲ್ಲ ಎಂದು ತಮ್ಮ ಕೇಳಿದ. ಅದಕ್ಕೆ ಉತ್ತರ ಉತ್ಪಾದನೆಯಲ್ಲಿಲ್ಲ, ಕೊನೆಯ ಒಂದು ಮೈಲಿಯ ತಂತಿಯಲ್ಲಿದೆ. ದಪ್ಪ ತಂತಿ ಬೇಕು, ಮನೆಗಳ ಹತ್ತಿರಕ್ಕೆ ಇನ್ನೊಂದು ಟ್ರಾನ್ಸ್‌ಫಾರ್ಮರ್ ಬೇಕು. ಬರ್ಲಿನ್ನಿನವರು 1899ರಲ್ಲಿ ಹಾಕಿದ ತಾಮ್ರದ ಲೆಕ್ಕವೇ ಇದು. ಅವರಿಗೆ ಲಾಭ ಕಂಡಿತು, ಮಾಡಿದರು. ಬಡವನಹಳ್ಳಿಯ ಕೊನೆಯ ಕಂಬದಲ್ಲಿ ಯಾರಿಗೆ ಲಾಭ ಕಾಣಬೇಕು? ಊರಿನವರು ಅರ್ಜಿ ಬರೆದು ಕೊಡುತ್ತಲೇ ಇದ್ದಾರೆ. ಈ ಸಲದ ಅರ್ಜಿಯನ್ನು ನನ್ನಿಂದ ಬರೆಸಿದರು. ನೂರೆಪ್ಪತ್ತು, ಇನ್ನೂರ ಮೂವತ್ತು ಎಂದು ಅಂಕಿಗಳನ್ನು ಹಾಕಿ, ಮೋಟಾರು ಸುಟ್ಟವರ ಸಹಿ ಹಾಕಿಸಿ ಕೊಟ್ಟೆವು. ಹತ್ತೊಂಬತ್ತು ಸಹಿಗಳಾದವು.

ಜೀಪಿಗೆ ಆ ರಾತ್ರಿ ಚಾರ್ಜು ಹಾಕಿದೆವು. ಸ್ವಿಚ್ಚು ಹಾಕಲು ಹುಡುಗ ಮುಂದೆ ಬರಲಿಲ್ಲ. ತಾತನೇ ಹಾಕಲಿ ಎಂದ. ನಾನು ಹಾಕಿದೆ. ಅವನು ಬಾಗಿಲ ಬಳಿ ನಿಂತು ಮೂಗರಳಿಸಿ ಗಾಳಿಯನ್ನು ಮೂಸುತ್ತಿದ್ದ, ಪಕ್ಕದಲ್ಲಿ ಅವನ ಅಜ್ಜನೂ. ಚಾರ್ಜರಿನ ಕೆಂಪು ದೀಪ ಉರಿಯಿತು. ಸದ್ದಿಲ್ಲ, ವಾಸನೆಯಿಲ್ಲ. ಬೆಳಗಿನ ಜಾವಕ್ಕೆ ಅದು ಹಸಿರಾಗಿತ್ತು. ಹುಡುಗ ಕಣದ ಸುತ್ತ ಏಳು ಸುತ್ತು ಹೊಡೆದ; ಎಂಟನೆಯ ಸುತ್ತಿಗೆ ಹೊಲಕ್ಕೆ ತ್ರೀ ಫೇಸ್ ಬಂತೆಂದು ಯಾರೋ ಕೂಗಿದರು. ನನ್ನ ತಮ್ಮ ಸ್ಟಾರ್ಟರ್ ಒತ್ತಲು ಓಡಿದ, ಹುಡುಗ ಜೀಪಿನಲ್ಲಿ ಅವನ ಹಿಂದೆ ಹೊರಟ.